ಕ್ಯಾಪ್ಸೂಲ್ ನುಂಗುವ ಮೊದಲೇ ರಕ್ತ ಕೊಡಿ

ಮಾನ್ಯ ಸಂಪಾದಕರೇ,

ಲಿವರ್ ಕಸಿ ಮಾಡಿಸಿಕೊಂಡು ಊರಿಗೆ ಮರಳಿದವರು ರಕ್ತಪರೀಕ್ಷೆಗೆ ಹತ್ತಿರದ ಲ್ಯಾಬಿಗೆ ಹೋಗುತ್ತಾರೆ. ಅಲ್ಲಿ ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದಷ್ಟೇ ಹೇಳಿದರೆ ಅವರು ತಿಂಡಿ ಬಿಡುತ್ತಾರೆ, ಔಷಧಿ ಬಿಡುವುದಿಲ್ಲ. ಎಡವಟ್ಟು ಆಗುವುದೇ ಇಲ್ಲಿ.

ಕಸಿಯ ಲಿವರನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿಯಾದ, ದಿನಕ್ಕೆರಡು ಬಾರಿಯ ಟ್ಯಾಕ್ರೊಲಿಮಸ್‌ನ ಮಟ್ಟವನ್ನು ಹಿಂದಿನ ಡೋಸ್ ಆಗಿ 12 ಗಂಟೆಗೆ, ಮುಂದಿನ ಡೋಸ್‌ಗೆ ಮುಂಚೆ ಅಳೆಯಬೇಕು. ರಾತ್ರಿ 9ಕ್ಕೆ ನುಂಗಿದವರು ಬೆಳಿಗ್ಗೆ 9ಕ್ಕೆ ರಕ್ತ ಕೊಟ್ಟು, ಆಮೇಲೆ ಕ್ಯಾಪ್ಸೂಲ್ ತೆಗೆದುಕೊಳ್ಳಬೇಕು. ನುಂಗಿ ಒಂದೆರಡು ಗಂಟೆಗೆ ಔಷಧಿ ರಕ್ತದಲ್ಲಿ ತುಂಬಾ ಹೆಚ್ಚಿರುತ್ತದೆ. ಆ ಅಂಕಿಯನ್ನೇ ನಂಬಿ ಡೋಸ್ ಇಳಿಸಿದರೆ ಕಸಿಯ ಲಿವರನ್ನು ದೇಹ ತಿರಸ್ಕರಿಸಲು ತೊಡಗಬಹುದು.

ಮಾದರಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬಿನಲ್ಲೇ ಇರಲಿ. ಔಷಧಿಯ ಬಹುಪಾಲು ಕೆಂಪು ರಕ್ತಕಣಗಳಲ್ಲಿ ಸೇರಿರುವುದರಿಂದ ಕಣಗಳಿಲ್ಲದ ತಿಳಿ ದ್ರವವಾದ ಸೀರಂ ಬೇರ್ಪಡಿಸಿ ಕಳಿಸಿದರೆ ಉಪಯೋಗವಿಲ್ಲ. ಪರೀಕ್ಷಾ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸಾಧ್ಯವಾದಷ್ಟೂ ಒಂದೇ ಲ್ಯಾಬಿಗೆ ಹೋಗಿ.

ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವಗಳು ಏರಿದರೆ ಲಿವರ್ ಜೀವಕೋಶಗಳಿಗೆ ಪೆಟ್ಟು ಬಿದ್ದಿದೆ ಎಂದರ್ಥ. ಕಾರಣ ತಿರಸ್ಕಾರವೋ ಸೋಂಕೋ ರಕ್ತನಾಳದ ತಡೆಯೋ ಎಂಬುದನ್ನು ಕಿಣ್ವ ಹೇಳದು. ಅದಕ್ಕೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್, ಬೇಕಾದರೆ ಲಿವರಿನ ಚೂರು ತೆಗೆದು ನೋಡುವ ಬಯಾಪ್ಸಿ ಇದೆ. ಎಎಲ್‌ಪಿ, ಜಿಜಿಟಿ ಎಂಬ ಕಿಣ್ವಗಳು ಮೇಲೇರುತ್ತಿದ್ದರೆ ಪಿತ್ತನಾಳ ಕಿರಿದಾಗಿರುವ ಶಂಕೆ. ಜೀವಂತ ದಾನಿಯ ಲಿವರ್ ಪಡೆದವರಲ್ಲಿ ಇದು ಹೆಚ್ಚು, ನಮ್ಮ ದೇಶದ ಬಹುತೇಕ ಕಸಿಗಳೂ ಅಂಥವೇ. ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ. ಇನ್ನು, ರಕ್ತಕಣ ಒಡೆದ ಮಾದರಿಯಲ್ಲಿ ಎಸ್‌ಜಿಒಟಿ, ಪೊಟ್ಯಾಸಿಯಂ ಸುಳ್ಳಾಗಿ ಹೆಚ್ಚು ತೋರುತ್ತವೆ. ಅಂಥದ್ದನ್ನು ಲ್ಯಾಬಿನವರು ವರದಿ ಮಾಡದೆ ಮತ್ತೆ ರಕ್ತ ತೆಗೆಯಬೇಕು. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನು ಎಂದೂ ಬಿಡುವಂತಿಲ್ಲ, ಏಕೆಂದರೆ ಟ್ಯಾಕ್ರೊಲಿಮಸ್ ಕಿಡ್ನಿಯನ್ನು ಸದ್ದಿಲ್ಲದೆ ಸವೆಸುತ್ತದೆ.

ದೇವನಹಳ್ಳಿಯ ಚಕ್ಕೋತ ನಮಗೆಲ್ಲ ಪ್ರಿಯ. ಆದರೆ ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಲ್ಲದು, ಕಸಿಯಾದವರಿಗೆ ಬೇಡ. ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್, ಆಂಟಿಬಯಾಟಿಕ್ ಕ್ಲಾರಿಥ್ರೊಮೈಸಿನ್ ಕೂಡ ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್ ಪಾತಾಳಕ್ಕೆ ಇಳಿಸುತ್ತದೆ. ಭೇದಿ ಹತ್ತಿದಾಗಲೂ ಮಟ್ಟ ಏರಬಹುದು. ಇವುಗಳಲ್ಲಿ ಯಾವುದೇ ಆದರೂ ಕಸಿ ತಂಡಕ್ಕೆ ಕೂಡಲೇ ತಿಳಿಸಿ, ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಮಟ್ಟ ನೋಡಿಸಿ.

ಲ್ಯಾಬ್‌ಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಅರ್ಜಿಯಲ್ಲಿ ‘ಕೊನೆಯ ಡೋಸ್ ಸಮಯ’, ‘ರಕ್ತ ತೆಗೆದ ಸಮಯ’ ಎಂದು ಎರಡು ಅಂಕಣ ಸೇರಿಸಿ, ಎರಡನ್ನೂ ವರದಿಯಲ್ಲಿ ಮುದ್ರಿಸಿ.

– ಲ್ಯಾಬ್ ತಂತ್ರಜ್ಞರು, ಹುಬ್ಬಳ್ಳಿ