ಯಾಕೆ ಓಡುತ್ತದೆ ಗೊತ್ತಿಲ್ಲ ಅಂದವಳಿಗೆ

ಬಳ್ಳಾರಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಕೊನೆಯಲ್ಲಿ ಸುಮ್ನೆ ಗೀಚಿದ ಹಾಗೆ ಒಂದು ಮಾತಿದೆ. 'ಕೋಡ್ ಓಡುತ್ತದೆ ಮಾವ, ಯಾಕೆ ಓಡುತ್ತದೆ ಅಂತ ಗೊತ್ತಿಲ್ಲ. ಯಾರಾದರೂ ಕೇಳಿದ ದಿನ ಸಿಕ್ಕಿಬೀಳುತ್ತೇನೆ.' ನನಗೆ ನಿದ್ದೆ ಕೆಡಿಸಿದ್ದು ಅದು.

ನೀನು ಆ್ಯಪ್ ಕಟ್ಟುವ ಈ ಫ್ಲಟರ್ ನನ್ನ ಕಾಲದ್ದಲ್ಲ. ಆದರೆ ಈ ಬಿಸಿಲಿಗೆ ಮಧ್ಯಾಹ್ನ ಹೊರಗೆ ಹೋಗುವಂತಿಲ್ಲ, ಬ್ರೌಸರ್‌ನಲ್ಲೇ ಫ್ಲಟರ್ ಕೋಡ್ ಬರೆದು ಓಡಿಸುವ ಡಾರ್ಟ್‌ಪ್ಯಾಡ್ ತೆರೆದು ಕೂತೆ. ಅಡ್ಡಸಾಲಾಗಿ ಜೋಡಿಸುವ ರೋ ಒಳಗೆ ಅಕ್ಷರ ತುಂಬುವ ಟೆಕ್ಸ್ಟ್‌ಫೀಲ್ಡ್ ಇಟ್ಟರೆ ಎರರ್ ರಾಶಿ. ಉಳಿದ ಜಾಗವನ್ನು ಅಳೆದು ಕೊಡುವ ಎಕ್ಸ್‌ಪ್ಯಾಂಡೆಡ್ ಅದಕ್ಕೆ ಸುತ್ತಿದೆ, ಸರಿಹೋಯಿತು. ಯಾಕೆ ಅಂತ ನನಗೂ ಗೊತ್ತಾಗಲಿಲ್ಲ! ಓದಿದ ಮೇಲೆ ತಿಳಿಯಿತು. ಪರದೆ ಕಟ್ಟುವ ಇಂಥ ತುಂಡುಗಳಿಗೆ ವಿಜೆಟ್ ಅನ್ನುತ್ತಾರೆ. ಎಷ್ಟು ಜಾಗ ಇದೆ ಅಂತ ಹೊರಗಿನ ವಿಜೆಟ್ ಹೇಳಬೇಕು, ಅದರೊಳಗೆ ಒಳಗಿನದು ತನ್ನ ಅಳತೆ ಆರಿಸಿಕೊಳ್ಳುತ್ತದೆ, ಎಲ್ಲಿ ಕೂರಬೇಕು ಅನ್ನುವುದು ಮತ್ತೆ ಹೊರಗಿನದರ ಮಾತು. ರೋ ಅಗಲಕ್ಕೆ ಮಿತಿಯನ್ನೇ ಹೇಳುವುದಿಲ್ಲ. ಟೆಕ್ಸ್ಟ್‌ಫೀಲ್ಡ್ ಸಿಕ್ಕಷ್ಟೂ ಬೇಕು ಅನ್ನುತ್ತದೆ. ಜಗಳ ಅಲ್ಲಿ.

ನಾನು ಕಲಿಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆ ವಿಷುಯಲ್ ಬೇಸಿಕ್‌ನಲ್ಲಿ ಈ ತಕರಾರಿರಲಿಲ್ಲ. ಬಟನ್ ಎಳೆದು ಬಿಟ್ಟಲ್ಲಿ ಕೂರುತ್ತಿತ್ತು. 1998ರಲ್ಲಿ ಅದರ ಆರನೇ ಆವೃತ್ತಿ ಬಂದಾಗ ನಾನು ಇಲ್ಲೇ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ಕಲಿಸುತ್ತಿದ್ದೆ. ಸಿರುಗುಪ್ಪದಿಂದ ಬಸ್ಸಿಗೆ ಬರುವ ಹುಡುಗನೊಬ್ಬ ಪ್ರತಿ ಸಾಲಿಗೂ 'ಯಾಕೆ ಸಾರ್' ಅನ್ನುತ್ತಿದ್ದ. 'ಅದು ಹಾಗೇ, ಬರ್ಕೋ' ಅಂದುಬಿಡುತ್ತಿದ್ದೆ. ಉತ್ತರ ಗೊತ್ತಿದ್ದರೆ ತಾನೇ? ಸಿಕ್ಕಿಬೀಳುವ ಹೆದರಿಕೆ ನನಗೂ ಇತ್ತು. ಬರಬರುತ್ತಾ ಅವನು ಕೇಳುವುದನ್ನೇ ಬಿಟ್ಟ. ದುಂಡಗಿನ ಅಕ್ಷರದಲ್ಲಿ ನೋಟ್‌ಬುಕ್ ಮಾತ್ರ ತುಂಬಿಸಿದ. 2002ರಲ್ಲಿ ಹಳೆಯ ವಿಷುಯಲ್ ಬೇಸಿಕ್ ಜಾಗಕ್ಕೆ ಡಾಟ್‌ನೆಟ್ ಬಂತು, ಮತ್ತೆ ಹೊಸದಾಗಿ ಕಲಿಯಬೇಕಿತ್ತು. ನಾನು ಕೆಲಸ ಬಿಟ್ಟು ಜೀನ್ಸ್ ಯೂನಿಟ್‌ನ ಲೆಕ್ಕ ಬರೆಯಲು ಹೋದೆ. ಮನೆಯ ಕಷ್ಟ ಅಂತ ಹೇಳಿಕೊಂಡೆ, ಕಷ್ಟ ಇದ್ದದ್ದೂ ನಿಜ. ಆದರೆ ಗೊತ್ತಿಲ್ಲದವನಾಗಿ ಮತ್ತೆ ಕ್ಲಾಸಿನ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಇದನ್ನು ನಿನ್ನತ್ತೆಗೂ ಹೇಳಿಲ್ಲ.

ಟೀಮಿನವರೆಲ್ಲ ಹುಟ್ಟಿನಿಂದ ಬಲ್ಲವರ ಹಾಗೆ ಕಾಣುತ್ತಾರೆ ಅಂದೆಯಲ್ಲ. ಫ್ಲಟರ್ 1.0 ಬಂದದ್ದೇ 2018ರ ಡಿಸೆಂಬರ್‌ನಲ್ಲಿ. ಅವರೂ ಎಲ್ಲೋ ಕೂತು ತಲೆ ಕೆರೆದುಕೊಂಡೇ ಕಲಿತವರು.

ಬುದ್ಧಿ ಹೇಳುವಷ್ಟು ತಿಳಿದವನಲ್ಲ ನಾನು. ಆದರೂ, ನಕಲು ಮಾಡಿದ ಕೋಡಿನಿಂದ ಒಂದೊಂದೇ ವಿಜೆಟ್ ತೆಗೆದು ನೋಡು, ಯಾವುದು ಹೋದರೆ ಕೆಡುತ್ತದೆ ಅಂತ. ಹಳದಿ ಕಪ್ಪು ಪಟ್ಟೆ ಬಂದರೆ ಜಾಗ ಮೀರಿದೆ ಅಂತಷ್ಟೇ. ಒತ್ತಿದರೂ ಅಂಕಿ ಬದಲಾಗುತ್ತಿಲ್ಲ ಅಂತ ಬರೆದಿದ್ದೆ, ಬದಲಾದದ್ದನ್ನು ಪರದೆಗೆ ತಿಳಿಸುವ ಸೆಟ್‌ಸ್ಟೇಟ್ ಕರೆದಿದ್ದೀಯಾ? ಇದೆಲ್ಲ ನಿನಗೆ ಗೊತ್ತೇ ಇರಬಹುದು.

ಯಾರೋ ಕೇಳುವ ತನಕ ಹೆದರಿ ಕಾಯಬೇಡ. ನೀನೇ ಹೋಗಿ ಟೀಮಿನ ಸೀನಿಯರ್ ಒಬ್ಬರನ್ನು 'ಈ ಸಾಲು ಯಾಕೆ ಬೇಕು' ಅಂತ ಕೇಳು. 'ಅದು ಹಾಗೇ' ಅಂದರೆ ಅವರಿಗೂ ಗೊತ್ತಿಲ್ಲ ಅಂತ ತಿಳಿ, ಬೇರೆಯವರನ್ನು ಹಿಡಿ. ಏನಂದರು ಅಂತ ನನಗೂ ಬರೆ.

ಇಂತಿ,
ನಿನ್ನ ಮಾವ