ಸ್ಟೇಷನ್‌ಗೆ ಹೋಗುವ ಮೊದಲು

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ರಾತ್ರಿ ನಿನ್ನ ಫೋನು ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕೇಸಾಯಿತು ಅನ್ನುವ ಭಯಕ್ಕಲ್ಲ. ನೀನು ಆಡಿದ ಒಂದು ಮಾತಿಗೆ. "ನಂದೇನೂ ತಪ್ಪಿಲ್ಲ ದೊಡ್ಡಮ್ಮ, ಒಬ್ಬನೇ ಸ್ಟೇಷನ್‌ಗೆ ಹೋಗಿ ಎಲ್ಲ ಹೇಳಿಬಿಡ್ತೀನಿ, ಮುಗಿದೇ ಹೋಗುತ್ತೆ" ಅಂದೆಯಲ್ಲ, ಅದಕ್ಕೆ. ಹೋಗಬೇಡ ಎಂದಷ್ಟೇ ಹೇಳಿ ಫೋನು ಇಟ್ಟೆ. ಯಾಕೆ ಎಂದು ಈಗ ಕೂತು ಬರೆಯುತ್ತಿದ್ದೇನೆ.

ನಾನು ವಕೀಲಳಲ್ಲ, ನಿನಗೆ ಗೊತ್ತು. 31 ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ಸಾಕ್ಷಿ ಕಟ್ಟೆ ಹತ್ತಿದವರು ಆಡಿದ್ದನ್ನು ಕಾಗದಕ್ಕೆ ಇಳಿಸುವುದೇ ನನ್ನ ಕೆಲಸ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಕೋರ್ಟಿನಲ್ಲಿ ಅದು ಉಲ್ಟಾ. ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಮೂರು ವರ್ಷದ ಮೇಲೆ, ಎದುರು ಕಡೆಯ ವಕೀಲರು ಕೆದಕಿ ಕೇಳುವ ಪಾಟಿ ಸವಾಲಿನಲ್ಲಿ ಧೂಳು ಕೊಡವಿಕೊಂಡು ಎದ್ದು ಬರುತ್ತದೆ.

ಮೊದಲು ಆ ಎಫ್‌ಐಆರ್ ವಿಷಯ. "ಅಡ್ಡಗಟ್ಟಿ ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಬೆದರಿಕೆ ಹಾಕಿರುತ್ತಾರೆ" ಎಂದು ಓದಿ ನೀನು ಬೆಚ್ಚಿಬಿದ್ದೆ. ಬೈಕ್ ನಿಲ್ಲಿಸುವ ಜಗಳಕ್ಕೆ ಇಷ್ಟೆಲ್ಲಾನಾ ಎಂದೆ. ಪುಟ್ಟಾ, ಆ ಸಾಲು ನನಗೆ ಸುಪ್ರಭಾತದ ಹಾಗೆ ಬಾಯಿಪಾಠ. ಅದರ ಒಂದೊಂದು ತುಂಡಿಗೂ ಒಂದೊಂದು ಕಲಂ. ನನ್ನ ಕಾಲದಲ್ಲಿ 341, 504, 323, 506 ಎಂದು ಬೆರಳು ತಾನೇ ಓಡುತ್ತಿತ್ತು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಅವೇ ಈಗ 126(2), 352, 115(2), 351(2) ಆಗಿವೆ. ನಿನ್ನ ರೂಮ್‌ಮೇಟ್ ಜೊತೆಗಿದ್ದನಲ್ಲ, ಇಬ್ಬರೂ ಸೇರಿ ಮಾಡಿದ್ದು ಎನ್ನುವುದಕ್ಕೆ ಹಳೆಯ 34ರ ಜಾಗದಲ್ಲಿ 3(5).

ಆ "ಅಡ್ಡಗಟ್ಟಿ" ಇದೆಯಲ್ಲ, ಅದು ಸುಮ್ನೆ ಬರುವ ಪದವಲ್ಲ. ಬೈದದ್ದು, ಕೈಯಲ್ಲಿ ಹೊಡೆದದ್ದು ಇಷ್ಟೇ ಇದ್ದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅಡ್ಡಗಟ್ಟಿದ್ದೂ ಸೇರಿದರೆ ಇಡೀ ಕೇಸಿಗೆ ದಾರಿ ತೆರೆಯುತ್ತದೆ. ಹಾಗಾಗಿ ದೂರು ಬರೆಸುವವರಿಗೆ ಆ ಪದ ಬಲು ಪ್ರೀತಿ. ಎಫ್‌ಐಆರ್ ಅಂದರೆ ಒಂದು ಕಡೆಯವರು ಹೇಳಿದ ಕಥೆ, ಅಷ್ಟೆ. ಅದು ತೀರ್ಪಲ್ಲ. ಮೇಲಿನ ನಾಲ್ಕೂ ಜಾಮೀನು ಕೊಡಲೇಬೇಕಾದ ಕಲಂಗಳು. ಜೈಲಿನ ಕನಸು ಕಾಣುವುದು ಬಿಡು.

ಈಗ ಆ ಪೊಲೀಸಪ್ಪನ ಫೋನು. "ಬಂದು ಹೋಗಿ, ಎರಡು ಮಾತು ಕೇಳೋದಿದೆ" ಎಂದರಂತೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮಸುಮ್ಮನೆ ಬಂಧಿಸಬಾರದು, ಮೊದಲು ಹಾಜರಾಗಲು ನೋಟಿಸ್ ಕೊಡಬೇಕು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ನೋಟಿಸ್ ಈಗ ಪೊಲೀಸರು, ಕೋರ್ಟು ನಡೆದುಕೊಳ್ಳಬೇಕಾದ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 35(3)ರಲ್ಲಿದೆ. ಅದು ಕಾಗದದಲ್ಲಿ ನಿನ್ನ ಕೈಗೆ ಬರಬೇಕು. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮತ್ತೆ ಫೋನು ಬಂದರೆ ಮರ್ಯಾದೆಯಿಂದ, "ಸರ್, ಖಂಡಿತ ಬರ್ತೀನಿ, ನೋಟಿಸ್ ಕೊಡಿ, ವಕೀಲರ ಜೊತೆ ಬರ್ತೀನಿ" ಅನ್ನು. ದನಿ ಏರಿಸಬೇಡ. ಕಾನೂನು ಓದಿಕೊಂಡವನ ಹಾಗೆ ಕಲಂ ನಂಬರ್ ಹೇಳಿ ಮೆರೆಯಲೂ ಬೇಡ. ನೋಟಿಸ್ ಬಂದ ಮೇಲೆ ಮಾತ್ರ ತಪ್ಪಿಸಬೇಡ. ಹೇಳಿದ ದಿನ, ಹೇಳಿದ ಹೊತ್ತಿಗೆ ಅಲ್ಲಿರು. ನೋಟಿಸಿನಂತೆ ನಡೆದುಕೊಳ್ಳುವವನನ್ನು ಬಂಧಿಸಬೇಕಾದರೆ ಅವರು ಕಾರಣ ಬರೆದಿಡಬೇಕು. ತಪ್ಪಿಸಿಕೊಂಡರೆ ಆ ಕಾರಣವನ್ನು ನೀನೇ ಕೈಗಿಟ್ಟ ಹಾಗೆ.

ಅಲ್ಲಿ ಏನು ಮಾತಾಡಬೇಕು? ಹೆಸರು, ವಿಳಾಸ, ಕೆಲಸ ಸರಿಯಾಗಿ ಹೇಳು. ಜಗಳದ ವಿಷಯಕ್ಕೆ ಬಂದರೆ "ವಕೀಲರನ್ನು ಕೇಳಿ ಹೇಳ್ತೀನಿ" ಅನ್ನು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ತೀರ್ಪಾದದ್ದೂ ಇದೇ ವಿಧಿಯ ಬಲದಿಂದ. ನಾನು ಸುಳ್ಳು ಹೇಳು ಅನ್ನುತ್ತಿಲ್ಲ. ಸುಮ್ಮನಿರುವುದೇ ಬೇರೆ, ಸುಳ್ಳು ಹೇಳುವುದೇ ಬೇರೆ.

"ಸತ್ಯ ಹೇಳೋಕೆ ಯಾಕೆ ಹೆದರಿಕೆ" ಅಂತೀಯ. ನಿನ್ನ ಮಾವನ ಕಥೆ ಹೇಳುತ್ತೇನೆ ಕೇಳು. ನೀನು ಇನ್ನೂ ಹುಟ್ಟಿರಲಿಲ್ಲ. ಗದ್ದೆಗೆ ನೀರು ತಿರುಗಿಸುವಲ್ಲಿ ಜಗಳವಾಗಿ ಸ್ಟೇಷನ್‌ಗೆ ಕರೆದರು. ಅವನೂ ನಿನ್ನ ಹಾಗೆಯೇ, ಒಬ್ಬನೇ ಹೋದ. ಚಹಾ ಕೊಟ್ಟು ಕೂರಿಸಿದರಂತೆ. ಇವನು ಕರಗಿಹೋದ. "ಹೌದು ಸ್ವಾಮಿ, ಸಿಟ್ಟು ಬಂತು, ಗುದ್ದಲಿ ಕಾವಿನಲ್ಲಿ ಒಂದೇ ಒಂದು ಏಟು ಹಾಕಿದೆ" ಎಂದ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂದೂ ಇಲ್ಲ, ಇಂದೂ ಇಲ್ಲ. ಆದರೆ ಅದಕ್ಕೊಂದು ಹಿಂಬಾಗಿಲಿದೆ. ನೀನು ಹೇಳಿದ ಮಾತಿನಿಂದ ಒಂದು ವಸ್ತು ಸಿಕ್ಕಿದರೆ, ಅಷ್ಟು ಮಾತನ್ನು ಸಾಕ್ಷ್ಯವಾಗಿ ಬಳಸಬಹುದು. ನಮ್ಮ ಪುಣ್ಯಾತ್ಮ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಅಟ್ಟದ ಮೇಲಿದ್ದ ಕಾವನ್ನು ತಾನೇ ತೆಗೆದುಕೊಟ್ಟ. ಇಬ್ಬರು ಪಂಚರು ಮಹಜರಿಗೆ ಸಹಿ ಹಾಕಿದರು. ಬರಿಗೈಯಲ್ಲಿ ಹೊಡೆದದ್ದಕ್ಕೆ ಹಾಕುವ 323 ಇದ್ದದ್ದು ಆಯುಧದಲ್ಲಿ ಹೊಡೆದದ್ದಕ್ಕೆ ಹಾಕುವ 324 ಆಯಿತು.

ಮೊದಲು ಏಟು ತಿಂದವನು ಇವನೇ. ತಲೆಗೆ ಪೆಟ್ಟಾಗಿತ್ತು. ಅದನ್ನು ಯಾವ ಡಾಕ್ಟರ ಚೀಟಿಯಲ್ಲೂ ಬರೆಸಿರಲಿಲ್ಲ. ಅರಿಶಿನ ಹಚ್ಚಿಕೊಂಡು ಮಲಗಿದ್ದ.

9 ವರ್ಷ ಅಲೆದ. ಕೊನೆಗೆ ಪಂಚರು "ಸಹಿ ನನ್ನದೇ, ಏನು ಬರೆದಿತ್ತೋ ಗೊತ್ತಿಲ್ಲ" ಎಂದುಬಿಟ್ಟರು. ಬಿಡುಗಡೆಯಾಯಿತು. ಅಷ್ಟರಲ್ಲಿ ಕೆಳಗಿನ ಗದ್ದೆ ಹೋಗಿತ್ತು. ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ಹಾಗೆ.

ಅದಕ್ಕೇ ನಿನಗೆ ಇವತ್ತಿನ ಕೆಲಸ ಎರಡು. ನಿನ್ನ ತುಟಿ ಒಡೆದಿದೆ ಎಂದೆಯಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗು. ಹೇಗಾಯಿತು ಎಂದು ಕೇಳುತ್ತಾರೆ. ಜಗಳದಲ್ಲಿ ಆಯಿತು ಎಂದು ಹೇಳಿ ದಾಖಲು ಮಾಡಿಸು. ಎರಡನೆಯದು, ಗೇಟಿನ ಸಿಸಿಟಿವಿ. ಆ ಡಬ್ಬಿ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ. ಆ ರಾತ್ರಿಯ ದೃಶ್ಯ ಉಳಿಸಿ ಎಂದು ಅಸೋಸಿಯೇಷನ್‌ಗೆ ಇವತ್ತೇ ಅರ್ಜಿ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೋ. ಅದನ್ನು ಕೋರ್ಟಿಗೆ ಹಾಜರುಪಡಿಸಲು ಬೇರೆ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ನಿನ್ನ ಫೋನಿನಲ್ಲಿ ಇರುವುದು ಒಂದನ್ನೂ ಅಳಿಸಬೇಡ, ನಿನಗೆ ನಾಚಿಕೆಯಾಗುವಂಥದ್ದು ಇದ್ದರೂ. ಮತ್ತೆ ದೂರು ಕೊಟ್ಟ ಆ ಮನುಷ್ಯನಿಗೆ ವಾಯ್ಸ್ ಮೆಸೇಜ್ ಕಳಿಸುವುದು ಇವತ್ತಿಗೆ ನಿಲ್ಲಬೇಕು. "ನೋಡ್ಕೋತೀನಿ" ಎಂದು ಒಂದರಲ್ಲಿ ಹೇಳಿದ್ದೀಯಂತೆ. ಅಯ್ಯೋ ಪುಟ್ಟಾ, ಬೆದರಿಕೆಯ ಕಲಮಿಗೆ ನೀನೇ ಸಾಕ್ಷಿ ಒದಗಿಸಿದೆಯಲ್ಲ!

ಸಹಿಯ ವಿಷಯ. ತನಿಖೆ ಹೊತ್ತಿನಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಬಾರದು ಎಂದು ಕಾನೂನೇ ಹೇಳುತ್ತದೆ. ಖಾಲಿ ಹಾಳೆಗಂತೂ ಯಾರಪ್ಪ ಹೇಳಿದರೂ ಬೇಡ. ನೋಟಿಸ್ ಮುಟ್ಟಿತು ಎಂದು ಸಹಿ ಹಾಕಬಹುದು. ಆಗಲೂ ಓದಿ, ಕೆಳಗೆ ತಾರೀಖು, ಹೊತ್ತು ಬರೆದು ಹಾಕು.

ಬಂಧನ ಆಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೂ ಗೊತ್ತಿರಲಿ. ಬಂಧಿಸಿದರೆ ಯಾಕೆ ಎಂದು ನಿನಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಲ್ಲ ಬಗೆಯ ಅಪರಾಧಗಳಿಗೂ ಅನ್ವಯಿಸಿತು. ಕನ್ನಡದಲ್ಲಿ ಕೊಡಿ ಎಂದು ಕೇಳು. ಬಂಧನದ ಮೆಮೊದಲ್ಲಿ ಹೊತ್ತು ಸರಿಯಾಗಿದೆಯಾ ನೋಡು, ಏಕೆಂದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದರ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ವಕೀಲರನ್ನು ನೋಡುವ ಹಕ್ಕು ವಿಚಾರಣೆಯ ಹೊತ್ತಿನಲ್ಲೂ ಇದೆ. ಆದರೆ ಉದ್ದಕ್ಕೂ ಅವರು ಪಕ್ಕದಲ್ಲೇ ಕೂರುವಂತಿಲ್ಲ. ಯಾರಾದರೂ ಕೈ ಮಾಡಿದರೆ ಡಾಕ್ಟರಿಗೆ ಹೇಳು, ಮ್ಯಾಜಿಸ್ಟ್ರೇಟರಿಗೂ ಹೇಳು. "ಪೊಲೀಸರಿಂದ ಏನಾದರೂ ತೊಂದರೆ?" ಎಂದು ಅವರು ಕೇಳಿದಾಗ ತಲೆ ಬಗ್ಗಿಸಿ "ಇಲ್ಲ" ಎಂದವರನ್ನು ಎಷ್ಟೋ ನೋಡಿದ್ದೇನೆ. ಅಂಗಿಯ ತೋಳಿನ ಕೆಳಗೆ ಬಾಸುಂಡೆ ಕಾಣುತ್ತಿರುತ್ತಿತ್ತು. ನಾನು ಟೈಪ್ ಮಾಡುತ್ತಿದ್ದದ್ದು ಮಾತ್ರ "ಇಲ್ಲ" ಎಂದೇ.

ವಕೀಲರನ್ನು ಗೊತ್ತು ಮಾಡು. ಫೀಸು ಎಷ್ಟು, ಯಾವ ಹಂತದವರೆಗೆ ಎಂದು ಮೊದಲೇ ಕೇಳು. ಅದರಲ್ಲಿ ಸಂಕೋಚ ಏನೂ ಬೇಡ. ದುಡ್ಡಿಲ್ಲದವರಿಗೆ ತಾಲ್ಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿಗಳಿವೆ. 15100ಕ್ಕೆ ಫೋನ್ ಮಾಡಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ನಿನ್ನ ರೂಮ್‌ಮೇಟ್ ಕೈಯಲ್ಲಿ ಕಾಸಿಲ್ಲ ಎನ್ನುತ್ತಿದ್ದೆಯಲ್ಲ, ಅವನಿಗೆ ಹೇಳು.

ಇನ್ನೊಂದು. ಅವತ್ತು ರಾತ್ರಿ ನೀನು ತಳ್ಳಿದೆಯೋ, ಹೊಡೆದೆಯೋ, ನನಗೆ ಹೇಳಬೇಡ. ಫ್ರೆಂಡ್ಸ್‌ಗೂ ಹೇಳಬೇಡ. ನಮ್ಮನ್ನೆಲ್ಲ ಕಟ್ಟೆ ಹತ್ತಿಸಿ ಕೇಳಬಹುದು. ವಕೀಲರಿಗೆ ಹೇಳಿದ ಮಾತನ್ನು ಅವರು ನಿನ್ನ ಒಪ್ಪಿಗೆ ಇಲ್ಲದೆ ಹೊರಗೆ ಬಿಡುವಂತಿಲ್ಲ. ಆದದ್ದೆಲ್ಲ ಅಲ್ಲಿ ಹೇಳು, ನಿನಗೆ ಮುಜುಗರ ಆಗುವುದನ್ನೇ ಮೊದಲು ಹೇಳು. ಒಳ್ಳೆಯದನ್ನು ಅವರು ತಾವೇ ಹುಡುಕಿಕೊಳ್ಳುತ್ತಾರೆ.

ಈಗ ನನಗೆ ನಿಜವಾಗಿ ಹೆದರಿಕೆ ಇರುವ ಮಾತು. ಚಾರ್ಜ್‌ಶೀಟ್ ಆಗಿ ಸಮನ್ಸ್ ಬಂದ ದಿನ ಕೋರ್ಟಿನ ವರಾಂಡದಲ್ಲಿ ಯಾರಾದರೂ ಒಬ್ಬರು ನಿನ್ನ ಹೆಗಲ ಮೇಲೆ ಕೈ ಹಾಕಿ, "ಸುಮ್ನೆ ಒಪ್ಕೊಂಡು ದಂಡ ಕಟ್ಟು, ಇವತ್ತೇ ಮುಗಿಯುತ್ತೆ" ಅನ್ನುತ್ತಾರೆ. ಮುಗಿಯುವುದು ನಿಜ. ಆದರೆ ಅದು ಶಿಕ್ಷೆಯಾಗಿ ಮುಗಿಯುತ್ತದೆ. ಕೆಲಸದ ಅರ್ಜಿಯಲ್ಲಿ "ಶಿಕ್ಷೆಯಾಗಿದೆಯೇ" ಎಂದು ಕೇಳಿದ ಕಡೆಯೆಲ್ಲ ಹೌದು ಎಂದೇ ಬರೆಯಬೇಕು. ಹಾಗೆ ದಂಡ ಕಟ್ಟಿ ನಗುತ್ತಾ ಹೋದ ಹುಡುಗರು ನಾಲ್ಕೈದು ವರ್ಷ ಬಿಟ್ಟು ತೀರ್ಪಿನ ನಕಲು ಕೇಳಿಕೊಂಡು ಕಾಪಿ ವಿಭಾಗದ ಕಿಟಕಿಗೆ ಬರುತ್ತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಮುಗಿಸುವ ಮನಸ್ಸಿದ್ದರೆ ರಾಜಿಯ ದಾರಿ ಇದೆ. ನಿನ್ನ ಮೇಲಿರುವಂಥ ಕಲಂಗಳಲ್ಲಿ ಪಿರ್ಯಾದಿ, ಅಂದರೆ ದೂರು ಕೊಟ್ಟವನು, ಒಪ್ಪಿದರೆ ಕೋರ್ಟಿನಲ್ಲೇ, ಇಲ್ಲವೇ ಲೋಕ ಅದಾಲತ್‌ನಲ್ಲಿ ರಾಜಿ ದಾಖಲಿಸಬಹುದು. ಅದಕ್ಕೆ ಬಿಡುಗಡೆಯಷ್ಟೇ ಬೆಲೆ. ಎರಡೂ ಒಂದೇ ದಿನದಲ್ಲಿ ಮುಗಿಯುತ್ತವೆ, ಒಂದೇ ಥರ ಕಾಣುತ್ತವೆ. ಆದರೆ ಒಂದು ನಿನ್ನನ್ನು ಅಪರಾಧಿ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಸ್ಟೇಷನ್ನಿನಲ್ಲಿ ಯಾರದೋ ಕೈಗೆ ದುಡ್ಡು ಕೊಟ್ಟು "ಸೆಟಲ್" ಮಾಡುವ ನಿನ್ನ ಫ್ರೆಂಡ್‌ನ ಐಡಿಯಾ ಮಾತ್ರ ಬೇಡವೇ ಬೇಡ. ಅದು ಇನ್ನೊಂದು ಅಪರಾಧ. ಎಫ್‌ಐಆರ್ ಅದರಿಂದ ಅಳಿಸಿಹೋಗುವುದೂ ಇಲ್ಲ.

ಕೇಸು ನಡೆದರೆ ನಡೆಯಲಿ. ತಾರೀಖು ತಪ್ಪಿಸಬೇಡ, ವಾರಂಟ್ ಆಗುತ್ತದೆ. ಬರಲು ಆಗದಿದ್ದರೆ ವಕೀಲರಿಗೆ ಮೊದಲೇ ಹೇಳಿ ಅರ್ಜಿ ಹಾಕಿಸು. ಜಾಮೀನುದಾರರು ಬೇಕು ಎಂದರೆ ನಿನ್ನ ಮಾವನ ಪಹಣಿ ಇದೆ, ಉಳಿದ ಮೇಲಿನ ಗದ್ದೆಯದ್ದು. ಅವನಿಗೆ ಹೇಳಿದ್ದೇನೆ. ಕೊನೆಯಲ್ಲಿ ನ್ಯಾಯಾಧೀಶರು ಸಾಕ್ಷಿಗಳು ಹೇಳಿದ್ದನ್ನೆಲ್ಲ ನಿನ್ನ ಮುಂದಿಟ್ಟು ಒಂದೊಂದಾಗಿ ಕೇಳುತ್ತಾರೆ. ಆಗ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡು. ಒಬ್ಬ ಮಹಾನುಭಾವ ಎಲ್ಲದಕ್ಕೂ "ಸುಳ್ಳು" ಎನ್ನುತ್ತಾ ಬಂದು, "ಪಿರ್ಯಾದಿ ನಿಮ್ಮ ಪಕ್ಕದ ಮನೆಯವರು ಎಂದು ಹೇಳಿದ್ದಾರೆ" ಎಂದಾಗಲೂ "ಸುಳ್ಳು" ಎಂದ. ಅವನ ಬೇಲಿ ಹಾರಿದರೆ ಅವರ ಮನೆ! ನಾನೂ ಹಾಗೆಯೇ ಟೈಪ್ ಮಾಡಿದೆ, ಇನ್ನೇನು ಮಾಡಲಿ.

ನಾಡಿದ್ದು ಬೆಳಗಿನ ಬಸ್ಸಿಗೆ ಬರುತ್ತೇನೆ. ಅಷ್ಟರೊಳಗೆ ಒಂದು ಕೆಲಸ ಮಾಡಬೇಕು. ಯಾರನ್ನಾದರೂ ಬಂಧಿಸಿದರೆ ಮನೆಯವರಿಗೋ, ಅವನು ಹೇಳಿದವರಿಗೋ ಪೊಲೀಸರು ತಿಳಿಸಲೇಬೇಕು. ಯಾರಿಗೆ ತಿಳಿಸೋಣ ಎಂದು ಕೇಳಿದರೆ ನನ್ನ ನಂಬರ್ ಕೊಡು, ಪರವಾಗಿಲ್ಲ. ಆದರೆ ನಿಮ್ಮಮ್ಮನಿಗೆ ನೀನಿನ್ನೂ ಹೇಳಿಲ್ಲ. ಬೆಳಿಗ್ಗೆ ಅವಳು ಫೋನ್ ಮಾಡಿ "ಪುಟ್ಟ ಯಾಕೋ ಮೆತ್ತಗೆ ಮಾತಾಡ್ತಿದಾನೆ ಅಕ್ಕ" ಅಂದಾಗ ನಾನು ಏನೋ ಹೇಳಿ ಜಾರಿಕೊಂಡೆ. ಇನ್ನೊಂದು ಸಲ ನನ್ನ ಕೈಲಿ ಆಗದು. ಇವತ್ತು ರಾತ್ರಿ ಊಟವಾದ ಮೇಲೆ ಅವಳಿಗೆ ಫೋನ್ ಮಾಡು.

ನಿನ್ನ
ದೊಡ್ಡಮ್ಮ