ಗೂಡಿನ ಮರ ಉಳಿಸಿಕೊಟ್ಟವರಿಗೆ

ದಾಂಡೇಲಿ ಸೀಮೆಯ ಆ ತಾರೆ ಮರದ ಪೊಟರೆಯಿಂದ ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಮರಿ ಹೊರಬಿದ್ದು ಹಾರಿದೆ. ಮರ ಎಲ್ಲಿದೆ ಎಂದು ಬರೆಯುವುದಿಲ್ಲ. ಕ್ಯಾಮೆರಾದವರು ಬುಡಕ್ಕೆ ಬಂದು ನಿಂತರೆ, ಪೊಟರೆಯೊಳಗಿನ ಹೆಣ್ಣಿಗೆಂದು ಗಂಟಲ ತುಂಬ ಹಣ್ಣು ತಂದ ಗಂಡು ಕೊಡದೆ ವಾಪಸು ಹೋಗುತ್ತದೆ. ಮಾರ್ಚ್ ತಿಂಗಳಲ್ಲಿ ಈ ಮರದ ಬುಡದವರೆಗೂ ಬಂದ ಕಾಡಿನ ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು ಎಂಬುದು ನಿಮಗೆಲ್ಲ ಗೊತ್ತಿರುವುದೇ. ಅದು ಬೇಡ.

ಡಿಸೆಂಬರಿನಲ್ಲಿ ಬುಡದ ದರಕು (ಒಣಗಿದೆಲೆ) ಗುಡಿಸಿದ ಹುಡುಗರಿಗೆ, ನೀರಿನ ಕ್ಯಾನು ಹೊತ್ತವರಿಗೆ, ತೋಟದ ಸ್ಪ್ರೇ ಪಂಪು ಕೊಟ್ಟ ಮನೆಯವರಿಗೆ, ಅರಣ್ಯ ಇಲಾಖೆಯ ಗಾರ್ಡುಗಳಿಗೆ, ಅರ್ಧರಾತ್ರಿ ಗಂಜಿ ಕಾಯಿಸಿ ಕಳಿಸಿದ ಅಕ್ಕಂದಿರಿಗೆ ನಮಸ್ಕಾರ.

ಉಳಿದದ್ದೆಲ್ಲ ಬೆಂಕಿ ಕಾವಲಿನ ಅಣ್ಣನಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ.

ಬುಡದ ಸುತ್ತ ಮೂರು ಮೀಟರ್ ಅಗಲಕ್ಕೆ ಮಣ್ಣು ಕಾಣುವ ಹಾಗೆ ಗುಡಿಸಿದ್ದೇನೋ ನಿಜ. ಮೊಟ್ಟೆಯಿಡಲು ಹೆಣ್ಣು ಪೊಟರೆ ಸೇರಿ ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಆ ಕೆಲಸ ಮುಗಿಯಬೇಕು, ಮುಗಿದಿತ್ತು. ಆದರೆ ಸಾಗವಾನಿ ಎಲೆ ಉದುರುವುದು ಆಮೇಲೆ. ಹಪ್ಪಳದಂಥ ಆ ಎಲೆಗಳು ಗಾಳಿಗೆ ಹಾರಿ ಬಂದು ಗುಡಿಸಿದ ಬೆಂಕಿಗೆರೆಯನ್ನೇ ಮುಚ್ಚಿದವು. ಫೆಬ್ರುವರಿ ಕೊನೆಗೆ ಸದ್ದಿಲ್ಲದೆ ಇನ್ನೊಮ್ಮೆ ಗುಡಿಸಬೇಕಿತ್ತು. ಯಾರೂ ಹೋಗಲಿಲ್ಲ.

ಹಸಿ ಸೊಪ್ಪಿನಲ್ಲಿ ಬಡಿದು, ಬರುವ ಬೆಂಕಿಗೆ ಉರಿಯಲು ಏನೂ ಉಳಿಯದಂತೆ ಗಾಡಿದಾರಿಯಿಂದ ನಾವೇ ಎದುರು ಬೆಂಕಿ ಕೊಟ್ಟು, ರಾತ್ರಿ ಹನ್ನೊಂದಕ್ಕೆ ಎಲ್ಲ ಆರಿತೆಂದುಕೊಂಡೆವು. ಅಣ್ಣ ಮಾತ್ರ ಕಾಂಡಕ್ಕೆ ಅಂಗೈ ಇಟ್ಟು ನೋಡುತ್ತ ಸುತ್ತು ಬಂದರು. ಒಂದು ಕಡೆ ಬಿಸಿ. ಬೇರಿನ ಸಂದಿಯಲ್ಲಿ ಮುಷ್ಟಿಯಷ್ಟು ತೂತು, ಒಳಗೆ ಗೆದ್ದಲು ತಿಂದ ಮರ ಊದುಬತ್ತಿಯ ಹಾಗೆ ಉರಿಯುತ್ತಿತ್ತು. ಟೊಳ್ಳು ಮರ ಒಲೆಯ ಹೊಗೆಕೊಳವೆಯಿದ್ದಂತೆ: ಕೆಳಗಿನ ತೂತು ಗಾಳಿ ಎಳೆಯುತ್ತದೆ, ಹೊಗೆ ಮೇಲಿನ ಗೂಡಿಗೇ ಹೋಗುತ್ತದೆ.

ಕತ್ತಿಯಿಂದ ಕೆಂಡ ಕೆರೆದು ತೆಗೆದರು. ಒಮ್ಮೆಲೇ ನೀರು ಸುರಿದರೆ ಹಬೆ ಮೇಲೇಳುತ್ತದೆಂದು ಪಂಪಿನಿಂದ ಸಣ್ಣಗೆ ಹೊಡೆದರು, 16 ಲೀಟರಿನ ಪಂಪು ಮೂರು ಸಲ ಖಾಲಿಯಾಯಿತು. ಆಮೇಲೆ ಹಸಿ ಮಣ್ಣು ಮೆತ್ತಿದರು. ಆ ಕಾವಿಗೆ ಮಣ್ಣು ಗಂಟೆಯೊಳಗೆ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಗಾಳಿ ಹೊಕ್ಕರೆ ಮತ್ತೆ ಮೊದಲಿನಿಂದ. ಅದಕ್ಕೇ ಅವರು ಮನೆಗೆ ಹೋಗಲಿಲ್ಲ. ಬೆಳಗಿನವರೆಗೆ ಬಿರಿದಾಗಲೆಲ್ಲ ಮೆತ್ತಿದರು.

ಮೇಲೆ, ಒಂದು ಸೀಳು ಮಾತ್ರ ಬಿಟ್ಟು ಹಿಕ್ಕೆ ಮೆತ್ತಿ ಮುಚ್ಚಿದ ಬಾಗಿಲ ಹಿಂದೆ, ಗರಿ ಉದುರಿಸಿಕೊಂಡು ಕೂತಿದ್ದ ತಾಯಿ. ಉಸಿರು ಕಟ್ಟಿದರೂ ಹಾರಲಾರಳು. ಒಳಗಿಂದ ಸದ್ದೇ ಇರಲಿಲ್ಲ. ಆ ಗಳಿಗೆ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಎಲೆ ಗುಡಿಸುವುದಕ್ಕೆ ಹೋಗದಿದ್ದವರು ನಾವೇ ತಾನೇ.

"ಗಂಡು ಬರ್ತೈತಿ, ಸುಮ್ಕ ಕೂಡ್ರಿ" ಎಂದರು ಅಣ್ಣ. ದೂರ ಕೂತೆವು. ಒಂಬತ್ತರ ಹೊತ್ತಿಗೆ ಮೊದಲು ಬಂದದ್ದು ರೆಕ್ಕೆಯ ಸದ್ದು, ಆಮೇಲೆ ಹಕ್ಕಿ. ಗಂಟಲಿಂದ ಒಂದೊಂದೇ ಅತ್ತಿಹಣ್ಣು ತೆಗೆದು ಸೀಳಿಗೆ ಹಿಡಿಯಿತು. ಒಳಗಿಂದ ಹಳದಿ ಕೊಕ್ಕಿನ ತುದಿ ಚಾಚಿತು.

ಮಣ್ಣು ಮೆತ್ತಿದ ತೂತನ್ನು ಮಳೆ ನಿಂತ ಮೇಲೆ ನೋಡಬೇಕು, ಅಲ್ಲಿಯವರೆಗೆ ಮುಟ್ಟುವುದು ಬೇಡ.

ಅಣ್ಣನ ಕತ್ತಿಯ ಹಿಡಿ ಆ ರಾತ್ರಿ ಸುಟ್ಟಿದೆ. ದುಡ್ಡು ಕೊಡಲು ಹೋದರೆ ಬೈಯುತ್ತಾರೆ. ಹೊಸ ಹಿಡಿ ಹಾಕಿಸಿಕೊಟ್ಟರೆ ತೆಗೆದುಕೊಳ್ಳುತ್ತಾರಂತೆ, ಮತ್ತಿಮರದ್ದಾದರೆ.